ಅಗ್ಗದ ಟೈರೋ, ದುಬಾರಿ ಟೈರೋ: ನಾಲ್ಕು ಸೆಟ್ ಹಾಕಿಸಿದ ಮೇಲೆ ನಾನು ಆರಿಸುವ ರೀತಿ

ನನ್ನ ಕಾರಿನ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇದೆ. 2013ರಲ್ಲಿ ಕಾರು ತಂದ ದಿನದಿಂದ ಹಾಕಿಸಿದ ಟೈರುಗಳ ಲೆಕ್ಕವೆಲ್ಲ ಅದರಲ್ಲಿದೆ. ಯಾವತ್ತು ಹಾಕಿಸಿದ್ದು, ಮೀಟರ್ ಎಷ್ಟು ಓಡಿತ್ತು, ತೆಗೆಸಿದಾಗ ಬಟನ್ (ನೆಲಕ್ಕೆ ತಾಗುವ ಮೈಯಲ್ಲಿ ಗೆರೆಗಳ ನಡುವಿನ ಉಬ್ಬು) ಎಷ್ಟು ಮಿಲಿಮೀಟರ್ ಉಳಿದಿತ್ತು, ಯಾಕೆ ತೆಗೆಸಿದೆ, ಎಲ್ಲವೂ. ಕಾರು ಒಂದೇ, ಅಳತೆಯೂ ಒಂದೇ, 195/65 ಆರ್15. ಕಾರಿನ ಜೊತೆ ಬಂದ ದೊಡ್ಡ ಕಂಪನಿಯ ಟೈರು 54,000 ಕಿ.ಮೀ. ಓಡಿತು. ಆಮೇಲೆ ಹಾಕಿಸಿದ ಅಗ್ಗದ ಸೆಟ್ಟನ್ನು 24,000ಕ್ಕೇ ತೆಗೆಸಿದೆ. ಮೂರನೆಯದು ಮತ್ತೆ ದೊಡ್ಡ ಹೆಸರಿನದು, 38,000. ಈಗಿರುವುದು ನಡುವಿನ ದರ್ಜೆಯದು. 31,000 ಆಗಿದೆ, ಇನ್ನೂ ಓಡುತ್ತಿದೆ.

"ಅಗ್ಗದ ಟೈರು ಹಾಕಿಸಬಹುದಾ?" ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಮಳೆಯಲ್ಲಿ ಎಷ್ಟು ವೇಗದಲ್ಲಿ ಓಡಿಸುತ್ತೀರಿ? ಉತ್ತರದ ಮುಕ್ಕಾಲು ಪಾಲು ಅದರಲ್ಲೇ ಇದೆ. ಒಣ ರಸ್ತೆಯಲ್ಲಿ, ಹೊಸದಿರುವಾಗ, ಹೆಚ್ಚುಕಡಿಮೆ ಎಲ್ಲ ಟೈರೂ ಒಳ್ಳೆಯ ಟೈರೇ. ಅರ್ಧ ಸವೆದ ಮೇಲೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗಲೇ ಗೊತ್ತಾಗುವುದು ಕೊಟ್ಟ ಹಣಕ್ಕೆ ಏನು ಬಂತು ಎಂದು.

ಎರಡನೆಯ ಸೆಟ್ ಹಾಕಿಸುವಾಗ ನಾನು ನೋಡಿದ್ದು ಬೆಲೆಯನ್ನು ಮಾತ್ರ. ದೊಡ್ಡ ಕಂಪನಿಯ ಟೈರಿಗೆ ನೂರು ಎಂದಿಟ್ಟುಕೊಂಡರೆ ಇದಕ್ಕೆ ಅರವತ್ತು. ಮೊದಲ ವರ್ಷ ಯಾವ ತಕರಾರೂ ಇರಲಿಲ್ಲ, ಸದ್ದು ಸ್ವಲ್ಪ ಹೆಚ್ಚು ಅಷ್ಟೆ. ಎರಡನೆಯ ವರ್ಷದ ಒಂದು ಸಂಜೆ ಅಮ್ಮ ಪಕ್ಕದ ಸೀಟಿನಲ್ಲಿದ್ದರು. ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು, ರಸ್ತೆ ಮಿನುಗುತ್ತಿತ್ತು. ಇಳಿಜಾರಿನ ಕೊನೆಯಲ್ಲಿ ಒಂದು ಲಾರಿ ನಿಂತಿತ್ತು. ನನ್ನ ವೇಗ ಅರವತ್ತರ ಆಸುಪಾಸು. ಬ್ರೇಕ್ ಒತ್ತಿದೆ. ಕಾಲಡಿಯಲ್ಲಿ, ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಗಡಗಡ ಅನ್ನುತ್ತಿದೆ, ಕಾರು ಮಾತ್ರ ಹೋಗುತ್ತಲೇ ಇದೆ. ಲಾರಿಯ ಕೆಂಪು ದೀಪದ ಬೆಳಕು ನನ್ನ ಬಾನೆಟ್ಟಿನ ಮೇಲೆ ಹರಡುತ್ತಾ ಬಂತು. ಕೊನೆಗೆ ನಿಂತಾಗ ನಡುವೆ ಉಳಿದದ್ದು ಒಂದು ಮೊಳ ಜಾಗ. ಅಮ್ಮ ಏನೂ ಅನ್ನಲಿಲ್ಲ. ಸೀಟ್ ಬೆಲ್ಟ್ ಹಿಡಿದ ಕೈಯನ್ನು ಮಾತ್ರ ಮನೆ ಸೇರುವ ತನಕ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಬಟನ್ನಿನ ಆಳ ಅಳೆಯುವ ಗೇಜ್ ಹಿಡಿದು ಕೂತೆ. ನಾಲ್ಕರಲ್ಲೂ ಬಟನ್ 4.2 ಮಿ.ಮೀ.ಗೆ ಕಡಿಮೆ ಇರಲಿಲ್ಲ. ಹೊಸ ಟೈರಿನಲ್ಲಿ ಸುಮಾರು 8 ಮಿ.ಮೀ. ಇರುತ್ತದೆ, ಸವೆತ ಸೂಚಿಸುವ ಅಡ್ಡಪಟ್ಟಿ ಬಟನ್ನಿಗೆ ಸಮವಾಗುವುದು 1.6 ಮಿ.ಮೀ.ನಲ್ಲಿ. ಆ ಲೆಕ್ಕಕ್ಕೆ ನನ್ನದು ಅರ್ಧ ಆಯಸ್ಸಿನ ಟೈರು. ಗಾಳಿ ಸರಿಯಿತ್ತು, ಬ್ರೇಕ್ ಪ್ಯಾಡೂ ಸರಿಯಿತ್ತು. ಬಟನ್ ಮೇಲೆ ಹೆಬ್ಬೆರಳಿನ ಉಗುರು ಊರಿ ನೋಡಿದೆ. ಮರದ ಹಲಗೆ ಒತ್ತಿದಂತಿತ್ತು, ಗುರುತೇ ಮೂಡಲಿಲ್ಲ. ಅದೇ ವಾರ ಬದಲಾಯಿಸಲು ಹೋದಾಗ ಅಂಗಡಿಯ ಹುಡುಗ, "ಮೇಡಂ, ಬಟನ್ ಇನ್ನೂ ಅರ್ಧ ಇದೆ, ಈಗ್ಲೇ ಯಾಕೆ ತೆಗೀತೀರಿ?" ಎಂದ. "ಇದು ನಿಲ್ಲಲ್ಲಪ್ಪ" ಎಂದೆ.

ಕೆಲವು ಮೀಟರುಗಳ ಬೆಲೆ

ಪರೀಕ್ಷೆಗಳ ಪಟ್ಟಿಯಲ್ಲಿ ಒಂದು ಟೈರು 30 ಮೀಟರಿನಲ್ಲಿ ನಿಂತಿತು, ಇನ್ನೊಂದು 33ರಲ್ಲಿ ಎಂದು ಓದಿದಾಗ ಮೂರು ಮೀಟರ್ ತಾನೇ ಅನ್ನಿಸುತ್ತದೆ. ಒಮ್ಮೆ ಲೆಕ್ಕ ಹಾಕಿ ನೋಡಿ. ಎರಡೂ ಕಾರು 80 ಕಿ.ಮೀ. ವೇಗದಲ್ಲಿ ಒಟ್ಟಿಗೇ ಬ್ರೇಕ್ ಒತ್ತುತ್ತವೆ. ಮೊದಲನೆಯದು 30ನೇ ಮೀಟರಿನಲ್ಲಿ ಪೂರ್ತಿ ನಿಂತಿರುತ್ತದೆ. ಎರಡನೆಯದು ಅದೇ ಜಾಗಕ್ಕೆ ಬಂದಾಗ ಅದರ ವೇಗ ಇನ್ನೂ ಗಂಟೆಗೆ 24 ಕಿ.ಮೀ. ನಿಲ್ಲಲು 40 ಮೀಟರ್ ಬೇಕಾಗುವ ಟೈರಾದರೆ ಆ ಜಾಗದಲ್ಲಿ 40 ಕಿ.ಮೀ. ವೇಗ! ಬ್ರೇಕ್ ಹಿಡಿದಾಗ ವೇಗ ಹೆಚ್ಚಾಗಿ ಇಳಿಯುವುದು ಕೊನೆಯ ಕೆಲವು ಮೀಟರುಗಳಲ್ಲಿ. ಹಾಗಾಗಿ ಆ ಕೆಲವು ಮೀಟರು ಸಿಗದಿದ್ದರೆ ಆಗುವುದು ಮೆಲ್ಲನೆ ತಾಗುವುದಲ್ಲ, ಡಿಕ್ಕಿ. ಈ ಲೆಕ್ಕ ಕಾಗದದ ಮೇಲೆ ಹಾಕಿ ನೋಡಿದ ದಿನ ನನಗೆ ಲಾರಿಯ ದೀಪ ಮತ್ತೆ ಕಣ್ಣಮುಂದೆ ಬಂತು.

ಒದ್ದೆಯಲ್ಲಿ ಟೈರಿಗೆ ಎರಡು ಕೆಲಸ. ಮೊದಲನೆಯದು ನೀರನ್ನು ಬದಿಗೆ ತಳ್ಳುವುದು. ರಸ್ತೆಯ ಮೇಲೆ 3 ಮಿ.ಮೀ. ನೀರು ನಿಂತಿದ್ದರೆ, 195 ಮಿ.ಮೀ. ಅಗಲದ ಟೈರು 80 ಕಿ.ಮೀ. ವೇಗದಲ್ಲಿ ಪ್ರತಿ ಸೆಕೆಂಡಿಗೆ 13 ಲೀಟರಿನಷ್ಟು ನೀರನ್ನು ಎದುರಿಸುತ್ತದೆ. ಒಂದೊಂದು ಟೈರಿಗೂ ಸೆಕೆಂಡಿಗೊಂದು ಬಕೆಟ್. ಗೆರೆಗಳು ಅದನ್ನು ಹೊರಹಾಕದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ. ಇಲ್ಲಿ ಬಟನ್ನಿನ ಆಳ ಮುಖ್ಯ, ಗಾಳಿಯೂ ಅಷ್ಟೇ ಮುಖ್ಯ. 1960ರ ದಶಕದಲ್ಲಿ ನಾಸಾ ವಿಮಾನದ ಟೈರುಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಒಂದು ಸೂತ್ರ ಬಂತು. ಬಟನ್ ಸವೆದ ಟೈರು ಆಳವಾದ ನೀರಿನ ಮೇಲೆ ತೇಲತೊಡಗುವ ವೇಗ ಅದರೊಳಗಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಅದರ ಪ್ರಕಾರ ಗಾಳಿಯ ಒತ್ತಡ 32 ಪಿಎಸ್‌ಐ ಇದ್ದರೆ ಸುಮಾರು 94 ಕಿ.ಮೀ., 24ಕ್ಕೆ ಇಳಿದರೆ ಸುಮಾರು 82. ದುಬಾರಿ ಟೈರು ಹಾಕಿಸಿ ತಿಂಗಳುಗಟ್ಟಲೆ ಗಾಳಿ ನೋಡದವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಕೊಟ್ಟ ಹಣದಲ್ಲಿ ಒಂದಷ್ಟನ್ನು ಅವರೇ ರಸ್ತೆಗೆ ಚೆಲ್ಲುತ್ತಿದ್ದಾರೆ.

ಎರಡನೆಯ ಕೆಲಸ, ನೀರು ಸರಿದ ಮೇಲೆ ಉಳಿಯುವ ತೆಳು ಪಸೆಯಲ್ಲೂ ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳನ್ನು ರಬ್ಬರು ಅಪ್ಪಿ ಹಿಡಿಯುವುದು. ಗಟ್ಟಿ ರಬ್ಬರಿಗೆ ಇದು ಆಗದು. ಮೆತ್ತಗೆ ಮಾಡಿದರೆ ಹಿಡಿತ ಬರುತ್ತದೆ, ಆದರೆ ಬೇಗ ಸವೆಯುತ್ತದೆ, ಉರುಳುವಾಗ ಇಂಧನವನ್ನೂ ತಿನ್ನುತ್ತದೆ. ಹಿಡಿತ, ಬಾಳಿಕೆ, ಸುಲಭವಾಗಿ ಉರುಳುವ ಗುಣ, ಈ ಮೂರರಲ್ಲಿ ಒಂದನ್ನು ಎಳೆದರೆ ಇನ್ನೊಂದು ಕುಗ್ಗುತ್ತದೆ. 1992ರಲ್ಲಿ ಮಿಶೆಲಿನ್ ಕಂಪನಿ ರಬ್ಬರಿಗೆ ಬಲ ಕೊಡಲು ಬೆರೆಸುವ ಕಪ್ಪು ಪುಡಿಯಾದ ಕಾರ್ಬನ್ ಬ್ಲ್ಯಾಕಿನ ಒಂದು ಭಾಗಕ್ಕೆ ಬದಲು ಸಿಲಿಕಾ ಎಂಬ ಬಿಳಿ ಪುಡಿ ಬೆರೆಸಿದ ಟೈರನ್ನು ತಂದಾಗ ಈ ಎಳೆದಾಟ ಸ್ವಲ್ಪ ಸಡಿಲವಾಯಿತು. ಒದ್ದೆಯ ಹಿಡಿತ ಬಿಡದೆ ಉರುಳುವ ತಡೆ ತಗ್ಗಿತು. ಆದರೆ ಸಿಲಿಕಾ ರಬ್ಬರಿನ ಜೊತೆ ತಾನಾಗಿ ಬೆರೆಯುವುದಿಲ್ಲ. ಬೆಸೆಯಲು ಸಿಲೇನ್ ಎಂಬ ರಾಸಾಯನಿಕ ಬೇಕು, ಬಿಸಿಯ ಮೇಲೆ ಹಿಡಿತ ಇಟ್ಟುಕೊಂಡು ಹದವಾಗಿ ಕಲಸಬೇಕು. ನೀವು ಹೆಚ್ಚು ಕೊಡುವ ಹಣದಲ್ಲಿ ಒಂದು ಪಾಲು ಹೋಗುವುದು ಈ ಕಲಸುವಿಕೆಗೆ, ಇನ್ನೊಂದು ಪಾಲು ವರ್ಷಗಟ್ಟಲೆ ನಡೆಸುವ ಪರೀಕ್ಷೆಗಳಿಗೆ. ಮಿಕ್ಕಿದ್ದು ಜಾಹೀರಾತಿಗೆ. ನಡುವಿನ ದರ್ಜೆಯವರೂ ಈಗ ಸಿಲಿಕಾ ಬಳಸುತ್ತಾರೆ, ಅದಕ್ಕೇ ಆ ಸಾಲಿನಲ್ಲಿ ಹುಡುಕಿ ಎಂದು ನಾನು ಹೇಳುವುದು.

ಟೈರಿನ ಮೈ ಓದುವುದು

ಅಂಗಡಿಗೆ ಹೋಗುವ ಮೊದಲು ನಿಮ್ಮ ಈಗಿನ ಟೈರಿನ ಪಕ್ಕ ಕೂತು ಓದಿ. ನನ್ನದರಲ್ಲಿ 195/65 ಆರ್15 91 ಎಚ್ ಎಂದಿದೆ. ಅಗಲ 195 ಮಿ.ಮೀ., ಟೈರಿನ ಪಕ್ಕದ ಗೋಡೆ ಅಂದರೆ ಸೈಡ್‌ವಾಲಿನ ಎತ್ತರ ಆ ಅಗಲದ ಶೇ. 65, ರೇಡಿಯಲ್, 15 ಇಂಚಿನ ರಿಮ್. 91 ಎಂದರೆ ಒಂದು ಟೈರು ಹೊರಬಲ್ಲ ಭಾರ 615 ಕೆ.ಜಿ., ಎಚ್ ಎಂದರೆ 210 ಕಿ.ಮೀ. ವೇಗದ ತನಕ ತಡೆಯುತ್ತದೆ. ಟಿ ಆದರೆ 190, ವಿ ಆದರೆ 240. ಕಾರಿನ ಕೈಪಿಡಿ ಹೇಳುವ ಭಾರದ ಅಂಕಿಗಿಂತ ಕಡಿಮೆಯ ಟೈರನ್ನು, ಎಷ್ಟೇ ಅಗ್ಗಕ್ಕೆ ಕೊಟ್ಟರೂ, ಎಷ್ಟೇ ದೊಡ್ಡ ಹೆಸರಿದ್ದರೂ ಹಾಕಿಸಬೇಡಿ. "ಇದೂ ಕೂರುತ್ತೆ" ಎಂದು ಹೇಳುವವರಿದ್ದಾರೆ. ರಿಮ್ಮಿಗೆ ಕೂತರೆ ಸಾಲದು, ತುಂಬಿದ ಕಾರನ್ನೂ ಹೊರಬೇಕಲ್ಲ.

ಮುಂದೆ ಡಿಒಟಿ ಎಂಬ ಅಕ್ಷರಗಳನ್ನು ಹುಡುಕಿ. ಆ ಸಾಲಿನ ಕೊನೆಯ ನಾಲ್ಕು ಅಂಕಿ ಟೈರು ತಯಾರಾದ ವಾರ ಮತ್ತು ವರ್ಷ. 1121 ಎಂದಿದ್ದರೆ 2021ನೇ ಇಸವಿಯ 11ನೇ ವಾರ. ನನ್ನ ಮೂರನೆಯ ಸೆಟ್ಟಿನಲ್ಲಿ ಪೆಟ್ಟು ಬಿದ್ದದ್ದು ಇಲ್ಲಿ. ಅಗ್ಗದ ಟೈರಿನ ಹೆದರಿಕೆಯಲ್ಲಿ ದೊಡ್ಡ ಹೆಸರೇ ಬೇಕೆಂದು ಹೋಗಿದ್ದೆ, ರಿಯಾಯಿತಿಯಲ್ಲಿ ಸಿಕ್ಕಿತು, ಖುಷಿಯಿಂದ ಹಾಕಿಸಿದೆ. ಅದು 2019ರ ಸೆಪ್ಟೆಂಬರ್. ಎರಡು ವರ್ಷದ ಮೇಲೆ ಬಟನ್ನುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡಾಗ ಕೂತು ಓದಿದರೆ 0816. ಹಾಕಿಸಿದ ದಿನವೇ ಆ ಟೈರಿಗೆ ಮೂರೂವರೆ ವರ್ಷ. 2022ರ ಕೊನೆಗೆ ತೆಗೆಸಿದಾಗ 3.5 ಮಿ.ಮೀ. ಬಟನ್ ಉಳಿದಿತ್ತು, ರಬ್ಬರಿನ ಜೀವ ಮಾತ್ರ ಮುಗಿದಿತ್ತು. ಕಪಾಟಿನಲ್ಲಿ ಕೂತರೂ ರಬ್ಬರಿಗೆ ವಯಸ್ಸಾಗುತ್ತದೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತೋರಿಸಬೇಕು, ಹತ್ತು ವರ್ಷವಾದರೆ ಬಟನ್ ಎಷ್ಟೇ ಇರಲಿ ತೆಗೆಯಬೇಕು ಎಂದು ಟೈರು ತಯಾರಕರೇ ಹೇಳುತ್ತಾರೆ. ಆರು ತಿಂಗಳೊಳಗೆ ತಯಾರಾದ ನಡುವಿನ ದರ್ಜೆಯ ಟೈರನ್ನು ನಾನು ಮೂರು ವರ್ಷ ಹಳೆಯ ದುಬಾರಿ ಟೈರಿಗಿಂತ ಮೇಲಿಡುತ್ತೇನೆ.

ಇನ್ನು ದರ್ಜೆಯ ಗುರುತುಗಳು. ಯುರೋಪಿನಲ್ಲಿ ಮಾರುವ ಟೈರುಗಳಿಗೆ 2012ರ ನವೆಂಬರಿನಿಂದ ಲೇಬಲ್ ಕಡ್ಡಾಯ. 2021ರ ಮೇ ತಿಂಗಳಲ್ಲಿ ಅದು ಹೊಸ ರೂಪ ಪಡೆಯಿತು. ಇಂಧನಕ್ಕೆ ಎ ಇಂದ ಇ, ಒದ್ದೆಯ ಹಿಡಿತಕ್ಕೆ ಎ ಇಂದ ಇ, ಹೊರಗಿನ ಸದ್ದಿಗೆ ಡೆಸಿಬೆಲ್ ಲೆಕ್ಕ. ಅದರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಮಾದರಿಯ ವಿವರ ಯಾರಿಗಾದರೂ ಸಿಗುತ್ತದೆ. ನಾನು ಮೊದಲು ನೋಡುವುದು ಮೋಡ ಮತ್ತು ಮಳೆಹನಿಯ ಚಿತ್ರದ ಪಕ್ಕದ ಅಕ್ಷರ. ಎ ಅಥವಾ ಬಿ ಇಲ್ಲದಿದ್ದರೆ ಮುಂದೆ ಓದುವುದೇ ಇಲ್ಲ. ಒಂದು ಎಚ್ಚರ, ಅದೇ ಹೆಸರಿನ ಟೈರಾದರೂ ಅಳತೆ ಬದಲಾದರೆ ಅಕ್ಷರ ಬದಲಾಗಬಹುದು. ನಿಮ್ಮ ಅಳತೆಯದನ್ನೇ ನೋಡಿ.

ಅಮೆರಿಕದ ಪದ್ಧತಿಯ ಗುರುತು ಟೈರಿನ ಮೈಮೇಲೇ ಅಚ್ಚಾಗಿರುತ್ತದೆ: ಟ್ರೆಡ್‌ವೇರ್ ಎಂಬ ಅಂಕಿ, ಟ್ರ್ಯಾಕ್ಷನ್‌ಗೆ ಎಎ, ಎ, ಬಿ, ಸಿ, ಟೆಂಪರೇಚರ್‌ಗೆ ಎ, ಬಿ, ಸಿ. ಟ್ರೆಡ್‌ವೇರ್ 400 ಎಂದರೆ 100 ಅಂಕಿಯ ಮಾದರಿ ಟೈರಿಗಿಂತ ನಾಲ್ಕು ಪಟ್ಟು ಬಾಳುತ್ತದೆ ಎಂಬ ಲೆಕ್ಕ. ಆದರೆ ಪರೀಕ್ಷೆಯ ಓಟ 7,200 ಮೈಲಿ, ಅಂದರೆ ಸುಮಾರು 11,500 ಕಿ.ಮೀ. ಮಾತ್ರ, ಅಂಕಿಯನ್ನು ಕೊಡುವುದು ತಯಾರಕರೇ. ಆದ್ದರಿಂದ ಎರಡು ಕಂಪನಿಗಳ ಟ್ರೆಡ್‌ವೇರ್ ಅಂಕಿಯನ್ನು ಪಕ್ಕಪಕ್ಕ ಇಟ್ಟು ತೀರ್ಮಾನಿಸಲು ಹೋಗಬೇಡಿ. ಟ್ರ್ಯಾಕ್ಷನ್ ಅಕ್ಷರ ಹೇಳುವುದು ಒದ್ದೆಯಲ್ಲಿ ನೇರವಾಗಿ ಬ್ರೇಕ್ ಹಿಡಿದಾಗಿನ ಹಿಡಿತವನ್ನು, ತಿರುವಿನದ್ದನ್ನಲ್ಲ. ನನ್ನ ಎರಡನೆಯ ಸೆಟ್ಟಿನ ಮೇಲೆ ಟ್ರ್ಯಾಕ್ಷನ್ ಬಿ ಎಂದು ಅಚ್ಚಾಗಿತ್ತು, ಆ ನಾಲ್ಕರಲ್ಲಿ ಮೂರನೆಯ ದರ್ಜೆ. ಎರಡು ವರ್ಷ ಓಡಿಸಿದರೂ ನಾನು ಅದನ್ನು ಓದಿರಲಿಲ್ಲ.

ಸ್ವತಂತ್ರ ಪರೀಕ್ಷೆಗಳೂ ಇವೆ. ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿ ಪ್ರತಿ ವರ್ಷ ಟೈರುಗಳನ್ನು ಪರೀಕ್ಷಿಸಿ ಅಂಕ ಕೊಡುತ್ತದೆ. ಅಲ್ಲೂ ಒಟ್ಟು ಅಂಕಕ್ಕಿಂತ ಮೊದಲು ಒದ್ದೆ ರಸ್ತೆಯ ಬ್ರೇಕಿನ ಸಾಲು ನೋಡಿ.

ಹೆಸರಿನ ಹಿಂದಿನ ಮನೆತನ

ಅಪರಿಚಿತ ಹೆಸರೆಲ್ಲ ಅನಾಥ ಹೆಸರಲ್ಲ. ಕ್ಲೇಬರ್ ಮಿಶೆಲಿನ್ ಮನೆಯದು, ಬಾರುಮ್ ಮತ್ತು ಸೆಂಪೆರಿಟ್ ಕಾಂಟಿನೆಂಟಲ್‌ನದ್ದು, ಲಾಫೆನ್ ಹ್ಯಾಂಕೂಕ್‌ನದ್ದು. 1988ರಲ್ಲಿ ಬ್ರಿಡ್ಜ್‌ಸ್ಟೋನ್ ಫೈರ್‌ಸ್ಟೋನನ್ನು ಕೊಂಡಿತು, 2021ರಲ್ಲಿ ಗುಡ್‌ಇಯರ್ ಕೂಪರನ್ನು ಕೊಂಡಿತು. ಇಂಥ ಎರಡನೆಯ ಸಾಲಿನ ಹೆಸರುಗಳಿಗೆ ದೊಡ್ಡ ಮನೆಯ ಕಾರ್ಖಾನೆ, ಪರೀಕ್ಷಾ ಮೈದಾನಗಳ ಬೆಂಬಲ ಇರುತ್ತದೆ. ಆದರೂ ಅಣ್ಣನ ಗುಣವೆಲ್ಲ ತಮ್ಮನಿಗೆ ಬಂದಿರಲೇಬೇಕೆಂದಿಲ್ಲ. ಇಲ್ಲೂ ಮಳೆಹನಿಯ ಅಕ್ಷರವೇ ಸಾಕ್ಷಿ.

ನಾನು ನಾಲ್ಕನೆಯ ಸೆಟ್ ಆರಿಸಿದ್ದು ಹೀಗೆಯೇ. ದೊಡ್ಡ ಹೆಸರಿಗೆ ನೂರಾದರೆ ಇದಕ್ಕೆ 78. 31,000 ಕಿ.ಮೀ. ಆದ ಮೇಲೆ ಬಟನ್ 4.6 ಮಿ.ಮೀ. ಇದೆ. ನಾನು 3 ಮಿ.ಮೀ.ಗೆ ತೆಗೆಸಿಬಿಡುತ್ತೇನೆ. ಅಲ್ಲಿಗೆ 45,000ದ ತನಕ ಬರುತ್ತದೆ, ಅದೇ ನೂರರ ಲೆಕ್ಕದಲ್ಲಿ ಸಾವಿರ ಕಿ.ಮೀ.ಗೆ 1.7 ಬಿತ್ತು. 24,000ಕ್ಕೆ ತೆಗೆಸಿದ ಅಗ್ಗದ ಟೈರು ನನಗೆ ಸಾವಿರಕ್ಕೆ 2.5 ಬಿದ್ದಿತ್ತು, ಜೊತೆಗೆ ಫಿಟ್ಟಿಂಗು, ಬ್ಯಾಲೆನ್ಸಿಂಗಿನ ಖರ್ಚು ಬೇಗ ಬಂತು. ನಿಮ್ಮ ಕಾರಿಗೂ ಈ ಭಾಗಾಕಾರ ಮಾಡಿ ನೋಡಿ, ಬೆಲೆಯನ್ನು ಓಡುವ ಸಾವಿರ ಕಿಲೋಮೀಟರುಗಳಿಂದ ಭಾಗಿಸಿದರಾಯಿತು. ಇಂಧನದ ಉಳಿತಾಯವನ್ನೂ ಕೆಲವರು ಸೇರಿಸುತ್ತಾರೆ. ಉರುಳುವ ತಡೆ ಶೇ. 10 ತಗ್ಗಿದರೆ ಇಂಧನದಲ್ಲಿ ಉಳಿಯುವುದು ಶೇ. 1ರಿಂದ 2. ವರ್ಷಕ್ಕೆ ಮೂವತ್ತು ಸಾವಿರ ಓಡಿಸುವವರಿಗೆ ಅದು ಲೆಕ್ಕಕ್ಕೆ ಬರುತ್ತದೆ, ನನ್ನಂತೆ ಹನ್ನೆರಡು ಸಾವಿರದವರಿಗೆ ಅಷ್ಟಾಗಿ ಇಲ್ಲ.

ಹಾಗಾದರೆ ಅಗ್ಗದ್ದು ಯಾರಿಗೆ? ಊರೊಳಗೇ ನಲವತ್ತು, ಐವತ್ತರ ವೇಗದಲ್ಲಿ ಓಡಾಡುವ ಹಗುರ ಕಾರಿಗೆ ಪರವಾಗಿಲ್ಲ, ಒದ್ದೆಯ ದರ್ಜೆ ಚೆನ್ನಾಗಿದ್ದರೆ. ವರ್ಷಕ್ಕೆ ನಾಲ್ಕೈದು ಸಾವಿರ ಮಾತ್ರ ಓಡಿಸುವವರು 60,000 ಬಾಳುವ ಟೈರಿಗೆ ಹಣ ಹಾಕಿದರೆ, ಸವೆಯುವ ಮೊದಲೇ ವಯಸ್ಸಾಗಿ ಎಸೆಯಬೇಕಾಗುತ್ತದೆ. ಅವರು ಬಾಳಿಕೆಯ ಮೇಲೆ ಖರ್ಚು ಮಾಡದೆ ಹಿಡಿತವನ್ನಷ್ಟೇ ನೋಡಲಿ. ಹೆದ್ದಾರಿಯಲ್ಲಿ ತುಂಬಿದ ಕಾರು ಓಡಿಸುವವರಿಗೆ, ಮಳೆಯಲ್ಲಿ ರಾತ್ರಿ ಪ್ರಯಾಣ ಮಾಡುವವರಿಗೆ, ಭಾರದ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವರಿಗೆ ನಾನು ಅಗ್ಗದ್ದನ್ನು ಹೇಳಲಾರೆ. ಕೈಯಲ್ಲಿ ಹಣವಿಲ್ಲದಿದ್ದರೆ ನಡುವಿನ ದರ್ಜೆಯ ಎರಡು ಈಗ, ಎರಡು ನಾಲ್ಕು ತಿಂಗಳ ಮೇಲೆ ಹಾಕಿಸಿ. ಆದರೆ ಒಂದೇ ಆಕ್ಸಲಿನ ಎಡಬಲಕ್ಕೆ ಬೇರೆ ಬೇರೆ ಟೈರು ಬೇಡ. ಹೊಸ ಎರಡನ್ನು ಹಿಂದಕ್ಕೇ ಹಾಕಿಸಿ, ಮುಂದಿನ ಚಕ್ರ ಎಳೆಯುವ ಕಾರಾದರೂ ಸರಿ. ಒದ್ದೆ ತಿರುವಿನಲ್ಲಿ ಮುಂದಿನ ಟೈರು ಜಾರಿದರೆ ಕಾಲು ತೆಗೆದು ಹಿಡಿತ ಮರಳಿ ಪಡೆಯಬಹುದು. ಹಿಂದಿನದು ಜಾರಿದರೆ ಕಾರೇ ತಿರುಗಿ ನಿಲ್ಲುತ್ತದೆ.

ಹಾಕಿಸುವ ಹೊತ್ತಿಗೆ

ಹೊಳಪಿಗೆ ಮರುಳಾಗಬೇಡಿ, ಹಳೆಯ ಟೈರಿಗೂ ಪಾಲಿಶ್ ಹಚ್ಚಿದರೆ ಮಿರಮಿರ ಮಿಂಚುತ್ತದೆ. ಮೈಮೇಲಿನ ರಬ್ಬರ್ ಕೂದಲು ಅಚ್ಚಿನ ಗಾಳಿತೂತಿನ ಗುರುತು, ಗುಣದ ಗುರುತಲ್ಲ. ನಾಲ್ಕೂ ಟೈರಿನ ತಾರೀಕನ್ನು ಒಂದೊಂದಾಗಿ ಓದಿ, ಬಿಲ್ಲಿನಲ್ಲಿ ಬರೆಸಿ. ಕೆಲವು ಟೈರಿನ ಮೇಲೆ ಹಳದಿ ಚುಕ್ಕಿ ಇರುತ್ತದೆ, ಅದು ಟೈರಿನ ಹಗುರವಾದ ಜಾಗ. ವಾಲ್ವಿನ ಪಕ್ಕಕ್ಕೆ ಬರುವಂತೆ ಕೂರಿಸಿದರೆ ತೂಕದ ತುಂಡು ಕಡಿಮೆ ಸಾಕು.

ಬ್ಯಾಲೆನ್ಸಿಂಗ್ ಯಂತ್ರದ ಹತ್ತಿರವೇ ನಿಲ್ಲಿ. ಅಗ್ಗದ ಸೆಟ್ ಹಾಕಿಸಿದ ದಿನ ಮೂರು ಚಕ್ರಕ್ಕೆ 20, 25, 30 ಗ್ರಾಂ ಸಾಕಾಗಿತ್ತು. ನಾಲ್ಕನೆಯದಕ್ಕೆ ಯಂತ್ರ 85 ತೋರಿಸಿತು. ಹುಡುಗ ಸೀಸದ ತುಂಡುಗಳನ್ನು ಸಾಲಾಗಿ ಅಂಟಿಸುತ್ತಾ ಹೋದ, ನಾನು ನೋಡುತ್ತಾ ನಿಂತೆ. ಆ ಚಕ್ರ ತೊಂಬತ್ತರ ವೇಗದಲ್ಲಿ ಸ್ಟೇರಿಂಗನ್ನು ನಡುಗಿಸುತ್ತಲೇ ಇತ್ತು. ಈಗಾದರೆ ಗಾಳಿ ಬಿಟ್ಟು, ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಲು ಹೇಳುತ್ತೇನೆ. ಆಗಲೂ ಇಳಿಯದಿದ್ದರೆ ಬೇರೆ ಟೈರು ಕೇಳುತ್ತೇನೆ. ಗ್ರಾಂ ಎಷ್ಟು ಬಂತು ಎಂಬುದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ಹಾಕಿಸಿದ ಮೇಲೆ ಮೊದಲ ಇನ್ನೂರು ಮುನ್ನೂರು ಕಿ.ಮೀ. ಮೆಲ್ಲಗೆ ಓಡಿಸಿ, ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರುವ ಲೇಪ ಇನ್ನೂ ಮೈಮೇಲಿರುತ್ತದೆ. ಗಾಳಿಯನ್ನು ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ ನೋಡಿ. ಹತ್ತು ಸಾವಿರಕ್ಕೊಮ್ಮೆ ಮುಂದಿನದನ್ನು ಹಿಂದಕ್ಕೆ ಬದಲಾಯಿಸಿ, ಅಲೈನ್‌ಮೆಂಟ್ ಮಾಡಿಸಿ.

ಮತ್ತೆ ಡಿಕ್ಕಿ ತೆರೆದು ಸ್ಟೆಪ್ನಿಯನ್ನೂ ಹೊರತೆಗೆಯಿರಿ. ನಾಲ್ಕು ಸೆಟ್ ಟೈರಿನ ಲೆಕ್ಕ ಬರೆದ ನಾನು ಅದರ ತಾರೀಕು ಓದಿದ್ದು ಹೋದ ವರ್ಷ. 0613 ಎಂದಿತ್ತು. ಒಮ್ಮೆಯೂ ನೆಲ ಕಾಣದ ಟೈರು, ಬಟನ್ 8 ಮಿ.ಮೀ., ಮೇಲಿನ ಬಣ್ಣದ ಗೆರೆ ಕೂಡ ಅಳಿಸಿರಲಿಲ್ಲ. ಸೈಡ್‌ವಾಲನ್ನು ಹೆಬ್ಬೆರಳಿನಿಂದ ಒತ್ತಿದಾಗ ಒಳಗಿನಿಂದ ಸಣ್ಣ ಬಿರುಕುಗಳು ಬಾಯಿಬಿಟ್ಟವು. ಅದನ್ನು ಅಂದೇ ಅಂಗಡಿಯಲ್ಲಿ ಬಿಟ್ಟು, ಅದೇ ವರ್ಷ ತಯಾರಾದ ನಡುವಿನ ದರ್ಜೆಯ ಒಂದು ಟೈರನ್ನು ಹಾಕಿಸಿಕೊಂಡು ಬಂದೆ.